ಐವೊ ತಾತನ ಜಾಗ

ಮೊದಲು ಬಾಗಿಲು ಹಾಕ್ರೋ. ಅಗುಳಿನೂ ಹಾಕಿ. ಹ್ಞಾಂ... ಈಗ ಹೇಳ್ತೀನಿ.

ಕಟ್ಟುಕತೆ ಬೇಕು ಅಂದ್ರೆ ಮಠದ ಸನ್ಯಾಸಿಗಳ ಹತ್ರ ಹೋಗಿ, ಅವರು ಮೂಟೆಗಟ್ಟಲೆ ಇಟ್ಕೊಂಡಿದ್ದಾರೆ. ನಾನು ಹೇಳೋದು ನಡೆದದ್ದು. ನಮ್ಮ ದೊಡ್ಡಪ್ಪನ ಮಗ ಥರ್ಸ್ಟನ್‌ಗೆ ಆದದ್ದು. ನನಗಿಂತ ಆರು ವರ್ಷ ದೊಡ್ಡವನು, ಅಣ್ಣ ಅಂತಲೇ ಕರೀತಿದ್ದೆ. ಮನೆಗಳಿಗೆ ಹುಲ್ಲಿನ ಮಾಡು ಹೊದಿಸೋ ಕೆಲಸ ಅವನದು. ಈಗ ನಿಮ್ಮ ತಲೆ ಮೇಲಿರೋ ಮಾಡು ಅವನು ಹೊದಿಸಿದ್ದೇ. ಇಷ್ಟು ವರ್ಷವಾದರೂ ಒಂದು ಹನಿ ಸೋರಿಲ್ಲ.

ದಂಗೆ ಅಡಗಿ ಮೂರು ತಿಂಗಳು ಕಳೆದಿತ್ತು. ಸಕಲ ಸಂತರ ಹಬ್ಬಕ್ಕೆ ಇನ್ನೊಂದು ವಾರ. ಪಕ್ಕದ ಹಳ್ಳಿಯಲ್ಲಿ ಒಂದು ಕೊಟ್ಟಿಗೆಯ ಕೆಲಸ ಮುಗಿಸಿ, ಅವರು ಕೊಟ್ಟ ಬಾರ್ಲಿ ಹೆಂಡ ಕುಡಿದು, ಅಣ್ಣ ಹೊರಡೋ ಹೊತ್ತಿಗೆ ಕತ್ತಲು ಗವ್ವೆನ್ನುತ್ತಿತ್ತು. ಜೊತೆಗೆ ಯಾರೂ ಇಲ್ಲ. ಹೆಗಲ ಮೇಲೆ ಏಣಿ. ಲಂಡನ್ ದಾರಿ ಕಾಡಿನ ಅಂಚಲ್ಲಿ ತಿರುಗೋ ಕಡೆ, ದಂಗೆ ಎದ್ದಿದ್ದಕ್ಕೆ ಗಲ್ಲಿಗೇರಿದ ಮೂವರು ನೇತಾಡ್ತಿದ್ರು. ನಮ್ಮೂರಿನವರೇ. ಟಾರು ಬಳಿದ ಬಟ್ಟೆಯಲ್ಲಿ ಸುತ್ತಿ, ಕುತ್ತಿಗೆಗೂ ಸೊಂಟಕ್ಕೂ ಕಬ್ಬಿಣದ ಪಟ್ಟಿ ಬಿಗಿದು, ಸರಪಳಿಯಲ್ಲಿ ನೇತುಹಾಕಿದ್ದು.

ಅಣ್ಣ ತಲೆ ಎತ್ತಲಿಲ್ಲ. ಅಲ್ಲಿ ಯಾರೂ ತಲೆ ಎತ್ತುತ್ತಿರಲಿಲ್ಲ.

ಕಿರ್ರ್... ಕಿರ್ರ್... ಅಂತ ಸರಪಳಿ. ಆ ಸದ್ದಿಗೆ ಊರೇ ಒಗ್ಗಿಹೋಗಿತ್ತು. ದಾಟಿದ. ಇನ್ನೂರು ಹೆಜ್ಜೆ ಮುಂದೆ ಬಾವಿ. ಬಾವಿಯ ಹತ್ರ ಬಂದಾಗ ಇನ್ನೊಂದು ಸದ್ದು.

ಟಕ್... ಟಕ್ ಟಕ್... ಟಕ್.

ಬಾವಿಯಲ್ಲಿ ನೀರು ತೊಟ್ಟಿಕ್ಕುತ್ತಿದೆ ಅಂದ್ಕೊಂಡ. ಅಲ್ಲ. ನೀರಿನ ಸದ್ದು ತೊಟ್ ಅಂತ ಬಿದ್ದು ಅಲ್ಲೇ ಮುಳುಗುತ್ತೆ. ಇದು ಕಲ್ಲಿನ ಮೇಲೆ ಕಬ್ಬಿಣ. ಬಾವಿಕಟ್ಟೆಯ ಆ ಕಡೆ ಯಾರೋ ಕೂತು ಉಳಿ ಹಿಡಿದು ಕಲ್ಲು ಕುಟ್ಟುತ್ತಿದ್ದಾರೆ. ಎರಡು ಪೆಟ್ಟು ಬೇಗ, ಒಂದು ನಿಧಾನ, ಆಮೇಲೆ ಪುಡಿ ಊದೋ ಉಸಿರು... ಫೂ.

ಏಣಿ ಕೈಬಿಟ್ಟು ಓಡಿದ.

ನಮ್ಮ ಮನೆ ಬಾಗಿಲು ಬಡಿದ ರೀತಿಗೆ ಅರಸನ ಆಳುಗಳೇ ಮತ್ತೆ ಬಂದ್ರು ಅಂದ್ಕೊಂಡೆ. ತೆಗೆದ್ರೆ ಅಣ್ಣ. ಮುಖದಲ್ಲಿ ರಕ್ತ ಇಲ್ಲ.

"ಮಾಬಿಲ್..." ಅಂದ. "ಐವೊ ತಾತ ಸತ್ತಿದ್ದಾನಲ್ವೇನೇ?"

"ಕುಡಿದು ಬಂದಿದ್ದೀಯಾ? ಸತ್ತು ಎರಡು ತಿಂಗಳಾಯ್ತು. ಮಣ್ಣು ಮಾಡೋಕೆ ನೀನೂ ಬಂದಿದ್ದೆಯಲ್ಲ."

"ಹೂಂ. ಹೂತಿದ್ದು ನಾನೇ."

ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಆಮೇಲೆ ಪಿಸುಗುಟ್ಟಿದ.

"ತೆಗೆದಿದ್ದೂ ನಾನೇ."

ನಿಮಗೆ ಇದು ಅರ್ಥ ಆಗಬೇಕಾದ್ರೆ ಐವೊ ತಾತ ಯಾರು ಅಂತ ಗೊತ್ತಿರಬೇಕು. ನೀವೆಲ್ಲ ಆಗಿನ್ನೂ ಹುಟ್ಟಿರಲಿಲ್ಲ. ಸವೆದ ಬೀಸುಕಲ್ಲಿಗೆ ಉಳಿಯಿಂದ ಕುಟ್ಟಿ ಕುಟ್ಟಿ ಮತ್ತೆ ಒರಟು ಮಾಡಿಕೊಡೋದು ಅವನ ಕಸುಬು. ಮನೆಮನೆಗೆ ಬರೋನು. ಅವನು ಕುಟ್ಟಿಕೊಟ್ಟ ಕಲ್ಲಲ್ಲಿ ಹಿಟ್ಟು ಹೂವಿನಂತೆ ಉದುರುತ್ತೆ ಅಂತ ನಮ್ಮಮ್ಮ ಹೇಳೋಳು. ಆಮೇಲೆ ಮಠದವರು ಏನು ಮಾಡಿದ್ರು? ಯಾರೂ ಮನೇಲಿ ಬೀಸಬಾರದು, ಎಲ್ಲರೂ ಮಠದ ಗಿರಣಿಗೇ ಬರಬೇಕು, ಬಂದು ಹಿಟ್ಟಲ್ಲಿ ಪಾಲು ಕೊಡಬೇಕು ಅಂದ್ರು. ಮನೆಮನೆಗೆ ನುಗ್ಗಿ ಬೀಸುಕಲ್ಲೆಲ್ಲ ಹೊತ್ಕೊಂಡು ಹೋದ್ರು. ಒಯ್ದು ಏನು ಮಾಡಿದ್ರು ಗೊತ್ತಾ? ಮಠಾಧಿಪತಿಯ ಕೋಣೆಗೆ ನೆಲ ಹಾಸಿದ್ರು! ನಮ್ಮಮ್ಮ ಅನ್ನ ಹುಟ್ಟಿಸಿದ ಕಲ್ಲಿನ ಮೇಲೆ ಅವರು ಜೋಡು ಮೆಟ್ಟಿಕೊಂಡು ಓಡಾಡಿದ್ರು.

ಐವೊ ತಾತನ ಕಸುಬು ಅಲ್ಲಿಗೆ ಮುಗೀತು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಒಂದು ರಾತ್ರಿ ಇವರ ಕೊಟ್ಟಿಗೆ, ಇನ್ನೊಂದು ರಾತ್ರಿ ಅವರ ಹುಲ್ಲಿನ ಬಣವೆ. ಎಲ್ಲ ಕಡೆಯಿಂದಲೂ ಎಬ್ಬಿಸೋರು. ಆದ್ರೆ ಚರ್ಚಿನ ಅಂಗಳದಲ್ಲಿ, ಆ ದೊಡ್ಡ ಯೂ ಮರದ ಕೆಳಗೆ, ಒಂದು ಆರಡಿ ಜಾಗ ಕೊಡ್ತೀನಿ ಅಂತ ಪಾದ್ರಿ ಮಾತು ಕೊಟ್ಟಿದ್ದ. ತಾತ ದಿನಾ ಹೋಗಿ ಅಲ್ಲಿ ಕಳೆ ಕೀಳೋನು.

"ಏನು ತಾತ, ಹಾಸಿಗೆ ಹಾಸಿ ಆಯ್ತಾ?" ಅಂತ ನಾವು ರೇಗಿಸೋದು.

"ಹಾಸಿಗೆ ಸ್ವಲ್ಪ ತಣ್ಣಗಿದೆ ಕಣ್ರೇ. ಆದ್ರೆ ಇಲ್ಲಿಂದ ಯಾವನು ಎಬ್ಬಿಸ್ತಾನೆ ನೋಡೇಬಿಡ್ತೀನಿ," ಅನ್ನೋನು.

ಹಾಗನ್ನೋನು. ಇದೊಂದು ನೆನಪಿಟ್ಕೊಳ್ಳಿ... ಅವನು ಬೇರೇನೂ ಕೇಳಿದವನಲ್ಲ.

ಆ ಬೇಸಿಗೆಯಲ್ಲಿ ದಂಗೆ ಎದ್ದಿತಲ್ಲ, ರೈತರು ಲಂಡನ್ನಿಗೇ ನುಗ್ಗಿದ್ರು ಅಂತ ಸುದ್ದಿ ಬಂತು, ನಮ್ಮವರೂ ಗುದ್ದಲಿ ಹಿಡಿದು ಮಠಕ್ಕೆ ನುಗ್ಗಿದ್ರು. ಮಠಾಧಿಪತಿಯ ಕೋಣೆಯ ನೆಲಕ್ಕೆ ಮೊದಲ ಪೆಟ್ಟು ಹಾಕಿದವನು ಹ್ಯಾಮೊ. ಥರ್ಸ್ಟನ್ ಅಣ್ಣನ ತಂಗಿ ಎಮ್ಮಟ್ ಇದ್ದಾಳಲ್ಲ, ಅವಳ ಗಂಡ. ಬೀಸುಕಲ್ಲುಗಳನ್ನ ಎಬ್ಬಿಸಿ, ಒಡೆದು, ಮನೆಗೊಂದು ಚೂರಿನಂತೆ ಹಂಚಿದ್ರು, ಚರ್ಚಲ್ಲಿ ಪ್ರಸಾದದ ರೊಟ್ಟಿ ಹಂಚೋ ಹಾಗೆ. ಮುದುಕ ಐವೊ ಒಂದು ಚೂರು ಕೈಯಲ್ಲಿ ಹಿಡಿದು ಅತ್ತ. ಒಂದು ತಿಂಗಳು ನಾವೇ ರಾಜರು. ಆಮೇಲೆ ಅರಸನ ದಂಡು ಬಂತು, ನ್ಯಾಯಾಧೀಶರು ಬಂದ್ರು. ಹ್ಯಾಮೊನನ್ನೂ ಇನ್ನಿಬ್ಬರನ್ನೂ ಕಾಡಿನ ಅಂಚಲ್ಲಿ ಗಲ್ಲಿಗೆ ಹಾಕಿದ್ರು. ಕೆಳಗಿಳಿಸಬಾರದು ಅಂತ ಕಟ್ಟಪ್ಪಣೆ.

ಕಾಗೆಗಳು ಬಂದವು. ಮೂರು ವಾರ ಊರು ನೋಡಿತು. ಆಮೇಲೆ ಒಂದು ರಾತ್ರಿ ನಮ್ಮ ಗಂಡಸರು ಹೋಗಿ ಮೂವರನ್ನೂ ಇಳಿಸಿ ಕಾಡಲ್ಲೇ ಹಳ್ಳದ ಪಕ್ಕ ಹೂತು ಬಂದ್ರು. ಯಾರು ಹೋಗಿದ್ರು ಅಂತ ಯಾರೂ ಬಾಯಿ ಬಿಡಲಿಲ್ಲ. ಅದಾದ ಹತ್ತು ದಿನಕ್ಕೆ, ಕೊಯ್ಲಿನ ಕಾಲದಲ್ಲಿ, ಐವೊ ತಾತ ಯಾರದೋ ಬಣವೆಯಲ್ಲಿ ಮಲಗಿದಲ್ಲೇ ಸತ್ತ. ಪಾದ್ರಿ ಮಾತಿನಂತೆ ಯೂ ಮರದ ಕೆಳಗೆ ಜಾಗ ಕೊಟ್ಟ. ನಾವು ನಾಲ್ಕೇ ಜನ ಇದ್ದೆವು ಮಣ್ಣಿಗೆ.

ಮತ್ತೆ ಎರಡು ವಾರಕ್ಕೆ ಆಜ್ಞೆ ಬಂತು. ಮಠದ ಪಾರುಪತ್ಯಗಾರ ಸಂತೆಯ ಕಟ್ಟೆ ಹತ್ತಿ ಓದಿದ. ಹೂತವರೇ ತೆಗೀಬೇಕು. ತಮ್ಮ ಕೈಯಾರೆ, ಮನೆಯವರೇ ತಮ್ಮ ಮನೆಯವನನ್ನ ಮತ್ತೆ ನೇತುಹಾಕಬೇಕು. ಈ ಸಲ ಹಗ್ಗ ಅಲ್ಲ, ಸರಪಳಿ. ಎಲುಬು ಉದುರೋ ತನಕ. ಮೂರು ದಿನದ ಗಡುವು. ಒಂದು ಹೆಣ ಕಮ್ಮಿಯಾದ್ರೂ ಆ ಮನೆಯ ಗಂಡಸೊಬ್ಬ ಬದುಕಿದ್ದಂಗೇ ಆ ಸರಪಳಿಗೆ.

ಎಮ್ಮಟ್ ಅಕ್ಕನ ಮನೆಯ ಗಂಡಸು ಅಂದ್ರೆ ಥರ್ಸ್ಟನ್ ಅಣ್ಣನೇ.

ಅಕ್ಕ ಅವನ ಕಾಲು ಹಿಡಿದುಕೊಂಡಳಂತೆ. "ಅಣ್ಣಾ, ಒಂದು ಸಲ ನೋಡಿದ್ದೀನಿ. ಕಾಗೆ ಅವನ ಕಣ್ಣು... ಇನ್ನೊಂದು ಸಲ ನೋಡಿಸಬೇಡ. ಅವನು ಪವಿತ್ರ ಮಣ್ಣಲ್ಲಿ ಮಲಗಬೇಕು. ಕೊನೇ ದಿನ ಕಹಳೆ ಊದಿದಾಗ ಅವನು ಏಳಬೇಕು. ಇಲ್ಲ ಅಂದ್ರೆ ಆವಾಗಲೂ ನಾನು ಒಬ್ಬಳೇ."

ಅಣ್ಣ ಏನು ಮಾಡಬೇಕು ಹೇಳಿ? ನೀವೇ ಹೇಳಿ.

ಅವನು ಮಾಡಿದ್ದು ಇದು. ರಾತ್ರೋರಾತ್ರಿ ಹ್ಯಾಮೊನನ್ನ ಹಳ್ಳದ ಪಕ್ಕದಿಂದ ತೆಗೆದು ಚರ್ಚಿಗೆ ಹೊತ್ತು ತಂದ. ಯೂ ಮರದ ಕೆಳಗೆ ಅಗೆದು ಐವೊ ತಾತನನ್ನ ಮೇಲೆತ್ತಿದ. ಆ ಗುಂಡಿಗೆ ಹ್ಯಾಮೊ. ತಾತನಿಗೆ ಹ್ಯಾಮೊನ ಟೊಪ್ಪಿಗೆ, ಹ್ಯಾಮೊನ ಅಂಗಿ, ಮೇಲೆ ಟಾರು ಬಳಿದ ಬಟ್ಟೆ. ಬೆಳಿಗ್ಗೆ ನಮ್ಮ ಕಮ್ಮಾರ ಕಬ್ಬಿಣದ ಪಟ್ಟಿ ಬಿಗಿದ. ಪಾರುಪತ್ಯಗಾರ ಮೂಗಿಗೆ ತೋಳು ಒತ್ತಿಕೊಂಡು ದೂರದಿಂದಲೇ ತಲೆಯಾಡಿಸಿದ. ಯಾರಿಗೂ ಅನುಮಾನ ಬರಲಿಲ್ಲ.

ಇದನ್ನೆಲ್ಲ ಆ ರಾತ್ರಿ ನನ್ನ ಒಲೆಯ ಮುಂದೆ ಹೇಳಿ, ಕೊನೆಗೆ ಅಂದ, "ತಾತನಿಗೆ ಯಾರಿದ್ದಾರೆ ಮಾಬಿಲ್... ಕೇಳೋರು ಯಾರು ಅಂದ್ಕೊಂಡೆ."

ನನಗೆ ಅವನ ಕೆನ್ನೆಗೆ ಹೊಡೆಯೋಣ ಅನ್ನಿಸ್ತು. ಅವನ ತಲೆ ಸವರೋಣ ಅಂತಲೂ ಅನ್ನಿಸ್ತು. ಎರಡೂ ಮಾಡಲಿಲ್ಲ. ಬಿಸಿ ಗಂಜಿ ಕೊಟ್ಟೆ.

ಮಾರನೇ ರಾತ್ರಿ ಸದ್ದು ಬಾವಿಯ ಹತ್ರ ಇರ್ಲಿಲ್ಲ. ನಮ್ಮ ಬೀದಿಯ ತುದಿಯಲ್ಲಿ, ಕುದುರೆಗೆ ನೀರಿಡೋ ಕಲ್ಲಿನ ತೊಟ್ಟಿಯ ಹತ್ರ. ಟಕ್... ಟಕ್ ಟಕ್... ಟಕ್. ನಾಯಿಗಳು ಬೊಗಳಲಿಲ್ಲ. ಬೊಗಳಿದ್ರೆ ಎಷ್ಟೋ ವಾಸಿ. ಅವು ಬಾಲ ಮುದುರಿ ಮನೆಗಳ ಒಳಗೆ ಸೇರಿಕೊಂಡವು. ಊರವರಿಗೂ ಕೇಳಿಸಿರಬೇಕು, ಬೆಳಿಗ್ಗೆ ಯಾರೂ ಅದರ ಮಾತೆತ್ತಲಿಲ್ಲ. ನಾನು ಹೆಂಡ ಮಾರೋಳು, ಊರಿನ ಮಾತೆಲ್ಲ ನನ್ನ ಅಂಗಳದಲ್ಲೇ ಆಗೋದು. ಆ ದಿನ ಎಲ್ಲರೂ ಕುಡಿದು, ಬಾಯಿ ಒರೆಸ್ಕೊಂಡು, ಸುಮ್ಮನೆ ಎದ್ದು ಹೋದ್ರು.

ಮೂರನೇ ರಾತ್ರಿ ನಾನು ಅಣ್ಣನ ಮನೇಲೇ ಇದ್ದೆ. ಎಮ್ಮಟ್ ಅಕ್ಕನೂ ಇದ್ದಳು, ಗಂಡ ಹೋದ ಮೇಲೆ ಅವಳು ಅಲ್ಲೇ ಇರೋದು. ದೀಪ ಹಚ್ಚಿರಲಿಲ್ಲ. ಒಲೆಯ ಕೆಂಡ ಅಷ್ಟೇ. ಚರ್ಚಿನ ಗಂಟೆ ಹೊಡೆದು ಬಹಳ ಹೊತ್ತಾಗಿತ್ತು.

ಮೊದಲು ಸರಪಳಿ. ಎಳೆದುಕೊಂಡು ಬರೋ ಸದ್ದಲ್ಲ. ನಡೆಯೋವಾಗ ಸೊಂಟದ ಬೀಗದಕೈ ಗೊಂಚಲು ತಾಕುತ್ತಲ್ಲ, ಹಾಗೆ... ಕಿಣ್... ಕಿಣ್... ಬಾಗಿಲ ಹತ್ರ ನಿಂತಿತು.

ಆಮೇಲೆ ಹೊಸಿಲ ಕಲ್ಲಿನ ಮೇಲೆ, ಹೊರಗಡೆಯಿಂದ.

ಟಕ್.

ಅಕ್ಕ ನನ್ನ ತೋಳು ಹಿಡಿದಳು. ಉಗುರು ಚರ್ಮದೊಳಗೆ ಇಳೀತು. "ಹ್ಯಾಮೊನ ತೆಗಿಯೋಕೆ ನಾನು ಬಿಡಲ್ಲ," ಅಂದಳು ಅಣ್ಣನಿಗೆ. "ಅವನನ್ನ ಮುಟ್ಟಿದ್ರೆ ನಾನೇ ಹೋಗಿ ಪಾರುಪತ್ಯಗಾರನಿಗೆ ಹೇಳ್ತೀನಿ. ಮೂವರೂ ಸಾಯೋಣ."

"ಮುಟ್ಟಲ್ಲ ಕಣೇ."

"ಹಾಗಾದ್ರೆ ಅವನನ್ನ ಇಳಿಸ್ತೀಯಾ? ಇಳಿಸಿದ್ರೆ ನಿನ್ನನ್ನ ಏರಿಸ್ತಾರೆ."

"ಗೊತ್ತು. ಸುಮ್ನಿರು."

ಅಗುಳಿ ತೆಗೆದ. ಬಾಗಿಲು ಒಂದು ಗೇಣಿನಷ್ಟು ತೆರೆದು ಹೊರಗೆ ಹೋಗಿ, ಹಿಂದೆಯೇ ಎಳೆದುಕೊಂಡ. ನಮಗೆ ಅವನ ಧ್ವನಿ ಮಾತ್ರ ಕೇಳಿಸ್ತು. ಆ ಕಡೆಯ ಮಾತು ಕೇಳಿಸಲಿಲ್ಲ, ಅದನ್ನ ಅವನು ಆಮೇಲೆ ಹೇಳಿದ್ದು. ಹೇಳಿದ್ದನ್ನ ಒಂದಕ್ಷರ ಬಿಡದೆ ನಾನು ನೆನಪಿಟ್ಟಿದ್ದೀನಿ.

ತಾತ ಹೊಸಿಲ ಪಕ್ಕ ಕೂತಿದ್ದನಂತೆ, ಹಿಂದೆ ಕೆಲಸಕ್ಕೆ ಕೂರ್ತಿದ್ದ ಹಾಗೇ, ಒಂದು ಮಂಡಿ ಮಡಚಿ. ಬಟ್ಟೆ ಮುಖದ ತುಂಬ. ಅಣ್ಣ ಮುಖ ನೋಡೋ ಗೋಜಿಗೆ ಹೋಗಲಿಲ್ಲ.

"ತಾತ..."

"ನನ್ನ ಜಾಗದಲ್ಲಿ ಯಾರೋ ಮಲಗಿದ್ದಾರೆ ಕಣಪ್ಪ."

"ಹೌದು."

"ನಾನು ಹೋಗಿದ್ದೆ. ಎಬ್ಬಿಸೋಣ ಅಂತ. ಮನಸ್ಸು ಬರಲಿಲ್ಲ. ಎಬ್ಬಿಸಿದ್ರೆ ಹೆಂಗಿರುತ್ತೆ ಅಂತ ನನಗೆ ಗೊತ್ತಲ್ಲ."

ಅಣ್ಣ ಅಲ್ಲೇ ಕುಸಿದು ಕೂತನಂತೆ. ಅವನು ಅಳೋದು ನಮಗೆ ಒಳಗೆ ಕೇಳಿಸ್ತು. ದಂಗೆಯಲ್ಲಿ ಅಳಲಿಲ್ಲ, ಭಾವಮೈದುನ ಗಲ್ಲಿಗೇರಿದಾಗ ಅಳಲಿಲ್ಲ.

"ತಪ್ಪಾಯ್ತು ತಾತ. ನಿನ್ನನ್ನ ಕೇಳೋರು ಯಾರೂ ಇಲ್ಲ ಅಂದ್ಕೊಂಡೆ."

"ಅದಕ್ಕೇ ನಾನೇ ಬಂದೆ."

ಕಿರ್ರ್... ಅಂತ ದೂರದಲ್ಲಿ, ಕಾಡಿನ ಕಡೆಯಿಂದ, ಸರಪಳಿ ಸದ್ದು. ಗಾಳಿ ಇರ್ಲಿಲ್ಲ. ಅದು ನನಗೂ ಕೇಳಿಸ್ತು. ಅಂದ್ರೆ ಅಲ್ಲೂ ತೂಗಾಡ್ತಿತ್ತು... ಇಲ್ಲೂ ಕೂತಿತ್ತು. ಹೇಗೆ ಅಂತ ನನ್ನ ಕೇಳಬೇಡಿ.

"ತಾತ, ನನ್ನ ಜಾಗ ತಗೋ," ಅಂದ ಅಣ್ಣ. ಇದನ್ನ ಜೋರಾಗೇ ಅಂದ. "ಅಂಗಳದ ತೆಂಕಣ ಗೋಡೆ ಹತ್ರ, ನಮ್ಮಮ್ಮನ ಪಕ್ಕ. ನನಗೆ ಅಂತ ಇಟ್ಟಿರೋದು. ಬಿಸಿಲು ಬೀಳುತ್ತೆ. ಅದು ನಿನ್ನದು."

"ನೀನು?"

"ಗೋಡೆಯಾಚೆ ತುರಿಕೆ ಸೊಪ್ಪಲ್ಲಿ ಬೇಕಾದಷ್ಟು ಜಾಗ ಇದೆ."

ಒಳಗೆ ಅಕ್ಕ ಬಾಯಿಗೆ ತಲೆಬಟ್ಟೆಯ ಅಂಚು ತುರುಕಿಕೊಂಡಳು. ಅಣ್ಣ ಏನು ಬಿಟ್ಟುಕೊಟ್ಟ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಂಡನಿಗೋಸ್ಕರ ಅವಳು ಬೇಡಿದ್ದನ್ನೇ ಅವನು ತನ್ನ ಪಾಲಿಂದ ಕಿತ್ತು ಕೊಟ್ಟಿದ್ದ. ಕಹಳೆ ಊದಿದಾಗ ಗೋಡೆಯಾಚೆ ಇರೋರನ್ನ ಯಾರು ಕರೀತಾರೆ?

ಹೊರಗೆ... ಫೂ. ಕಲ್ಲಿನ ಪುಡಿ ಊದೋ ಉಸಿರು. ಅಷ್ಟೇ.

ಬಾಗಿಲು ತೆಗೆದಾಗ ಅಣ್ಣ ಒಬ್ಬನೇ ಕೂತಿದ್ದ.

ಮತ್ತೆ ಆ ಸದ್ದು ಬರಲಿಲ್ಲ. ಕಾಡಿನ ಅಂಚಲ್ಲಿ ಮೂರೂ ನೇತಾಡ್ತಲೇ ಇದ್ದವು, ದಿನಾ ನೋಡ್ತಿದ್ದೆವು. ಆದ್ರೆ ತಾತನನ್ನ ಕಟ್ಟಿದ್ದ ಮೂರನೆಯದರ ಮೇಲೆ ಕಾಗೆ ಕೂರೋದು ನಿಂತುಹೋಯ್ತು. ಎರಡು ಚಳಿಗಾಲ ಕಳೆದ ಮೇಲೆ ಬಿರುಗಾಳಿಗೆ ಅದು ಕಳಚಿ ಬಿತ್ತು. ಟಾರಿನ ಬಟ್ಟೆ ಮನುಷ್ಯನ ಆಕಾರದಲ್ಲೇ ಗಟ್ಟಿಯಾಗಿತ್ತಂತೆ, ಒಳಗೆ ಒಂದು ಎಲುಬೂ ಇಲ್ಲ. ಸೊಂಟದ ಪಟ್ಟಿ ಇತ್ತು. ಕುತ್ತಿಗೆಯದು ಇರ್ಲಿಲ್ಲ. ಯಾವನೋ ಕಬ್ಬಿಣ ಕದ್ದಿದ್ದಾನೆ ಅಂತ ಪಾರುಪತ್ಯಗಾರ ಕೂಗಾಡಿದ. ಆಗಲೂ ನಾವು ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ಅಣ್ಣ ಮದುವೆಯಾಗಲಿಲ್ಲ. ಕುಡಿಯೋದು ಬಿಟ್ಟ. ಯಾರೂ ಇಲ್ಲದವರು ಎಲ್ಲಿ ಸತ್ತರೂ ಹೋಗಿ ತಾನೇ ಗುಂಡಿ ತೋಡೋನು, ದುಡ್ಡು ಮುಟ್ಟುತ್ತಿರಲಿಲ್ಲ. ಊರಿಗೆಲ್ಲ ಅವನು ಒಂಥರಾ ಹುಚ್ಚ. ಚರ್ಚಿಗೆ ಹೋದ್ರೆ ಅಮ್ಮನ ಗೋರಿಗೆ ಕೈಮುಗಿಯೋನು, ಪಕ್ಕದ ಜಾಗವನ್ನ ಮಾತ್ರ ತುಳೀದೆ ಬಳಸಿಕೊಂಡು ಬರೋನು. ಹಿಂಗೇ ಇಪ್ಪತ್ತಾರು ವರ್ಷ.

ಕೆಮ್ಮು ಹಿಡಿದು ಮಲಗಿದ ಮೇಲೆ ನನ್ನನ್ನೂ ಅಕ್ಕನನ್ನೂ ಹತ್ರ ಕರೆದ.

"ಅಮ್ಮನ ಪಕ್ಕದ ಜಾಗ ತೋಡೋಕೆ ಆಳು ಕರೀಬೇಡಿ. ನೀವಿಬ್ಬರೇ ತೋಡಿ. ಅಲ್ಲಿ ಏನಾದ್ರೂ ಸಿಕ್ಕಿ ಬೇರೆಯವರ ಕಣ್ಣಿಗೆ ಬಿದ್ದರೆ ಹ್ಯಾಮೊನನ್ನ ಮತ್ತೆ ತೆಗೆಸ್ತಾರೆ."

"ಸಿಕ್ಕರೆ ಏನಣ್ಣ ಮಾಡೋದು?"

"ಮುಚ್ಚಿಬಿಡಿ. ನನ್ನನ್ನ ಗೋಡೆಯಾಚೆ ಹಾಕಿ. ಪ್ರಾರ್ಥನೆ ಬೇಡ, ಕೇಳಿದವರಿಗೆ ನನ್ನ ಆಸೆ ಹಾಗಿತ್ತು ಅನ್ನಿ. ಮಾತು ಮಾತೇ."

ಅವನು ತೀರಿಕೊಂಡ ಮಾರನೇ ನಸುಕಲ್ಲಿ ಹೋದೆವು, ಎರಡು ಮುದುಕಿಯರು, ಒಂದು ಲಾಟೀನು. ಮಂಜು ಬಿದ್ದು ನೆಲ ಕಲ್ಲಾಗಿತ್ತು. ಹುಲ್ಲು ಕತ್ತರಿಸಿದವಳು ನಾನು. ಇದನ್ನ ಸರಿಯಾಗಿ ಕೇಳಿಸಿಕೊಳ್ಳಿ, ಏಕೆಂದರೆ ಮುದುಕಿ ಬುರುಡೆ ಬಿಡ್ತಾಳೆ ಅನ್ನೋರು ಇಲ್ಲೇ ಕೂತಿದ್ದೀರಿ. ಇಪ್ಪತ್ತಾರು ವರ್ಷ ಯಾರೂ ತುಳಿಯದ ಹುಲ್ಲು. ಬೇರು ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯಂತಾಗಿತ್ತು. ಅದನ್ನ ಯಾರೂ ಎಬ್ಬಿಸಿರಲಿಲ್ಲ. ಕೆಳಗಿನ ಮಣ್ಣು ಗಟ್ಟಿ, ಗುದ್ದಲಿ ಕಾಣದ ಮಣ್ಣು.

ಎದೆಯಾಳ ಇಳಿದಾಗ ಅಕ್ಕನ ಗುದ್ದಲಿ ಕಬ್ಬಿಣಕ್ಕೆ ತಾಕ್ತು. ಖಣ್.

ಇಬ್ಬರೂ ಮಂಡಿಯೂರಿ ಕೈಯಲ್ಲೇ ಮಣ್ಣು ಸರಿಸಿದೆವು. ಎಲುಬು. ಹಳೇ ಎಲುಬು, ಸಣ್ಣ ಮನುಷ್ಯನದು. ಕುತ್ತಿಗೆಗೆ ಕಬ್ಬಿಣದ ಪಟ್ಟಿ. ನಮ್ಮ ಕಮ್ಮಾರ ಬಡಿದ ಮೊಳೆ ಬಡಿದ ಹಾಗೇ ಇತ್ತು, ತೆಗೆದಿರಲಿಲ್ಲ.

"ಅಯ್ಯೋ ತಾತ..." ಅಂದಳು ಅಕ್ಕ. ಅಳೋಕೆ ಶುರು ಮಾಡಿದಳು. "ಜಾಗ ತುಂಬಿದೆ ಮಾಬಿಲ್. ನಮ್ಮಣ್ಣನಿಗೆ ಇಲ್ಲ. ನನ್ನಿಂದ ಆದದ್ದು, ನನ್ನಿಂದಲೇ..."

ನಾನು ಲಾಟೀನು ಕೆಳಗೆ ಹಿಡಿದೆ.

"ಅಳಬೇಡ ಅಕ್ಕ. ನೋಡು."

ತಾತ ನಡುಮಧ್ಯದಲ್ಲಿ ಮಲಗಿರಲಿಲ್ಲ. ಗೋಡೆಯ ಕಡೆಗೆ ಒತ್ತಿಕೊಂಡು, ಒಂದು ಮಗ್ಗುಲಾಗಿ, ಮಂಡಿ ಮಡಚಿಕೊಂಡು ಮಲಗಿದ್ದ. ಒಂದೇ ಹಾಸಿಗೆಯಲ್ಲಿ ಇನ್ನೊಬ್ಬರು ಬರೋರಿದ್ದಾರೆ ಅಂದ್ರೆ ನಾವು ಸರಿದು ಮಲಗ್ತೀವಲ್ಲ, ಹಾಗೆ. ಈ ಕಡೆ ಅರ್ಧ ಗುಂಡಿ ಖಾಲಿ.

ಮಧ್ಯಾಹ್ನ ಪಾದ್ರಿ ಪ್ರಾರ್ಥನೆ ಹೇಳಿದ, ನಾವು ಮೊದಲೇ ತಳಕ್ಕೆ ಒಂದು ಪದರ ಮಣ್ಣು ಹರಡಿದ್ದೆವು, ಅವನ ಕಣ್ಣಿಗೆ ಏನೂ ಕಾಣಲಿಲ್ಲ. ಅಣ್ಣನನ್ನ ಆ ಖಾಲಿ ಅರ್ಧದಲ್ಲಿ ಇಳಿಸಿದೆವು. ಅವನು ಅಗಲವಾದ ಆಳು, ಹೆಗಲ ಮೇಲೆ ಏಣಿ ಹೊತ್ತು ಹೊತ್ತು ಭುಜ ಬೆಳೆದಿತ್ತು. ಹಿಡಿಸುತ್ತೋ ಇಲ್ಲವೋ ಅಂತ ಬಗ್ಗಿ ನೋಡ್ತಾ ಇಳಿಸಿದೆ.

ಹಿಡಿಸ್ತು. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಮ್ಮಿಯಿಲ್ಲ. ನಂಬಿ ಬಿಡಿ, ಇಳಿಸಿದ ಹಗ್ಗದ ಒಂದು ತುದಿ ಹಿಡಿದಿದ್ದವಳು ನಾನೇ.